ಶನಿವಾರದ ಸವಕಲು

ವಾರ್ನಾಂಬೂಲ್, ಲೀಬಿಗ್ ಬೀದಿ. ಕಡಲಿನ ಗಾಳಿಗೆ
ಅಂಗಡಿ ಬಾಗಿಲ ಗಂಟೆ ಒಮ್ಮೊಮ್ಮೆ ತಾನೇ ಬಡಿದುಕೊಳ್ಳುತ್ತದೆ.
ಅಂದು ಗಾಳಿಯಲ್ಲ, ಮೇವಿಸ್ ಟ್ರೆಲೋರ್.
ಕೈಚೀಲದೊಳಗೆ ಕಾಲುಚೀಲ,
ಕಾಲುಚೀಲದೊಳಗೆ ಸ್ಪೇನಿನ ಬೆಳ್ಳಿ.

ಎಂಟು ರಿಯಾಲಿನ ಬಿಲ್ಲೆ. ಇಪ್ಪತ್ತೇಳು ಗ್ರಾಂ ಇರಬೇಕು,
ತಕ್ಕಡಿ ಇಪ್ಪತ್ತೈದೂವರೆ ಅಂದಿತು.
ಉಳಿದ ಒಂದೂವರೆ ಎಲ್ಲಿ ಹೋಯಿತೆಂದು
ಕೇಳುವುದೇ ನನ್ನ ಕಸುಬು.

ನನ್ನ ಮುತ್ತಜ್ಜ ದಾವಣಗೆರೆಯ ಚಿನಿವಾರ.
ಕಲ್ಲಿನ ಮೇಲೆ ಕುಣಿಸಿ, ಕಿವಿ ಕೊಟ್ಟು,
ಖೋಟಾ ಬಂದರೆ ಬೀದಿಗೆ ಎಸೆಯುತ್ತಿದ್ದನಂತೆ.
ಅವನಿಗೆ ತೂಕ, ಬಣ್ಣ, ನಾದ. ಅಷ್ಟೇ.
ಯಾವ ದೊರೆಯಾದರೇನು, ಮೂಸೆಗೆ ಬಿದ್ದರೆ ಒಂದೇ ನೀರು.
ನಾನೋ, ಮುಖ ನೋಡಿ ಮಣೆ ಹಾಕುವವಳು.
ಕೂದಲಿನ ಎಳೆ ಉಳಿದಿದೆಯೆ? ಕೆನ್ನೆಯ ಏರು?
ಅಂಚಿನ ಸುತ್ತ ಚೌಕ, ಸೊನ್ನೆ, ಚೌಕ?

ಮೊದಲು ಹಿಂಬದಿ ನೋಡಿದೆ.
ಕಪ್ಪಗೆ, ಅಡಿ ಹಿಡಿದ ಬಾಣಲೆಯ ಹಾಗೆ, ಯಾರೂ ಮುಟ್ಟದ ಹಾಗೆ.
ಎರಡು ಕಂಬ. ನಡುವೆ ಕೋಟೆ, ಸಿಂಹ, ಕೋಟೆ, ಸಿಂಹ.
ಮೆಕ್ಸಿಕೋದ್ದೇ ಇರಬೇಕು ಅಂದುಕೊಂಡೆ.
ಅಲ್ಲಿ ಒಕ್ಕಲು ಕಣದ ರಾಗಿಯಂತೆ ರಾಶಿ ಹೊಯ್ದಿದ್ದಾರೆ,
ಜಗತ್ತಿನ ಯಾವ ಡ್ರಾಯರ್ ಎಳೆದರೂ ಒಂದು ಉರುಳುತ್ತದೆ.
ಆದರೆ ಬರಹದ ಸಾಲಿನಲ್ಲಿ
ತಲೆಯ ಮೇಲೆ ಪುಟ್ಟ ಸೊನ್ನೆ ಹೊತ್ತು ನಿಂತ ಒಂದು ಎಸ್.
ಸಾಂಟಿಯಾಗೋ.
ಉಸಿರಿಗೆ ಭೂತಗನ್ನಡಿ ಮಂಜಾಯಿತು.
ಆ ಟಂಕಸಾಲೆಯ ಕೈ ಬಿಗಿ,
ಎಂಟು ವರ್ಷದಲ್ಲಿ ಈ ಮೇಜಿಗೆ ಒಂದೂ ಬಂದಿರಲಿಲ್ಲ.

ಮಗುಚಿದೆ.
ದೊರೆಗೆ ಮೂಗಿಲ್ಲ.
ಕಣ್ಣಿಲ್ಲ, ಕಿವಿಯಿಲ್ಲ. ಬೆಳ್ಳಿಯ ಇಡ್ಲಿಯೊಂದು
ಫಳಫಳ ಹೊಳೆಯುತ್ತ ನನ್ನನ್ನೇ ನೋಡುತ್ತಿತ್ತು.

"ನಮ್ಮ ಅರ್ನ್ ಬೇಲಿಗೆ ಗುಂಡಿ ತೋಡುವಾಗ ಸಿಕ್ಕಿದ್ದು," ಅಂದಳು.
"ಆ ಮೂಗು ಥೇಟ್ ಅವನದೇ.
ಅವನು ಹೋದಮೇಲೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೇನೆ,
ಪ್ರತಿ ಶನಿವಾರ, ಮೂವತ್ತು ವರ್ಷ. ಆ ಬದಿ ಮಾತ್ರ.
ಹಿಂದೆ ಇರುವ ಕಟ್ಟಡ ನನಗೇನಾಗಬೇಕು?"

ನಮ್ಮಮ್ಮ ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕುತ್ತಿದ್ದಳು,
ಹೊಳೆಯದಿದ್ದರೆ ಮನೆಗೆ ಮರ್ಯಾದೆಯೆ ಅನ್ನುತ್ತಿದ್ದಳು.
ಇವಳಿಗೆ ಹೇಗೆ ಹೇಳುವುದು,
ಈ ವ್ಯಾಪಾರದಲ್ಲಿ ಹೊಳಪೇ ಗಾಯ, ಕಿಲುಬೇ ಸಿರಿಯೆಂದು?
ಹಿಂದೊಮ್ಮೆ ಸಿಡ್ನಿಯಲ್ಲಿ, ಇಂಥವೇ ಬೆಳ್ಳಿ ಬಿಲ್ಲೆಗಳು
ಹಡಗು ಹತ್ತಿ ಓಡಿಹೋಗದಿರಲೆಂದು
ಒಂದೊಂದರ ಹೊಟ್ಟೆಗೂ ತೂತು ಹೊಡೆದರು.
ನಮ್ಮಲ್ಲಿ ತೂತುಕಾಸು ಬೈಗುಳ.
ಆ ತೂತಿಗೆ ಈಗ ಇಲ್ಲಿ ಒಂದು ಮನೆ ಬರುತ್ತದೆ, ಅಂಗಳ ಸಮೇತ.
ಸರ್ಕಾರದ ಉಳಿಗೆ ಬೆಲೆಯಿದೆ,
ಹೆಂಡತಿಯ ಹೆಬ್ಬೆರಳಿಗಿಲ್ಲ.

"ಎರಡು ಸಾವಿರದ ಎಂಟುನೂರು," ಅಂದೆ.
"ಉಜ್ಜದೆ ಇದ್ದಿದ್ದರೆ?"
ಸುಳ್ಳು ನಾಲಿಗೆಯ ತುದಿವರೆಗೆ ಬಂದಿತ್ತು.
"ಒಂಬತ್ತು ಸಾವಿರ."

ಪೆನ್ಸಿಲ್ ಕೇಳಿದಳು. ರಸೀದಿಯ ಬೆನ್ನ ಮೇಲೆ
ಹಳೆಯ ಶಾಲೆಯ ಭಾಗಾಕಾರ, ತುಟಿ ಅಲುಗಿಸುತ್ತ,
ಐವತ್ತೆರಡನ್ನು ಮೂವತ್ತರಿಂದ ಗುಣಿಸಿ, ಕಳೆದು, ಇಳಿಸಿಕೊಂಡು,
"ಶನಿವಾರಕ್ಕೆ ನಾಲ್ಕು ಡಾಲರ್," ಅಂದಳು.
"ಮೀನು-ಚಿಪ್ಸಿಗಿಂತ ಅಗ್ಗಕ್ಕೆ ಬಿದ್ದ, ಪಾಪ."

ಬೆಳ್ಳಿ ಕಾಲುಚೀಲಕ್ಕೆ, ಕಾಲುಚೀಲ ಕೈಚೀಲಕ್ಕೆ.
ಹೋಗುವಾಗ ಗಂಟೆ ಬಡಿಯಿತು; ಗಾಳಿಯೋ, ಅವಳೋ.

ಮೇಜಿನ ಕರಿ ಮಕಮಲ್ಲಿನ ಮೇಲೆ
ಅಕ್ಷರಗಳ ಸಂದಿನಿಂದ ಉದುರಿದ
ಚಿಟಿಕೆಯಷ್ಟು ಬಿಳಿ ಪುಡಿ, ಪುದೀನ ವಾಸನೆ.
ಧಣಿ ಲೆಸ್ ಒಳಗಿನಿಂದ ಬಂದು ಬ್ರಷ್ ನೀಡಿದ:
"ಒರೆಸು ಅದನ್ನ."

ಬಟ್ಟೆಯನ್ನಾದರೆ ಒರೆಸಬಹುದು.